ಹೆಗಲ ಮೇಲಿನ ಕೈ

ಗಡಿಭಾಗದ ಜತ್ತಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟಿದವರು, ಸತ್ತವರು, ಚುನಾವಣೆ ಗೆದ್ದವರು, ಗುಡ್ಡಾಪುರಕ್ಕೆ ಹೋಗುವ ಭಕ್ತರಿಗೆ ಸ್ವಾಗತ ಕೋರುವವರು, ಎಲ್ಲರ ಮುಖವನ್ನೂ ಬೆಳ್ಳಗೆ ಮಾಡಿ ಕಂಬಕ್ಕೇರಿಸುವವನು ನಾನೇ. ಇಷ್ಟು ವರ್ಷ ಜನರ ಹಲ್ಲು ನೋಡಿ ನೋಡಿ ನಗುವೆಂದರೆ ನನಗೆ ವಾಕರಿಕೆ ಬರುತ್ತದೆ.

ಎಲ್ಲರಿಗಿಂತ ಹೆಚ್ಚು ಹಲ್ಲು ಕಿರಿಯುವವನು ನಮ್ಮ ಕಡೆಯ ಒಬ್ಬ ದಾದಾ. ಕದ್ದು ಮರಳು ಸಾಗಿಸುವ ಹುಡುಗರ ಟೋಳಿ ಅವನದು. ಹುಟ್ಟಿದ ದಿನ ನಡುರಸ್ತೆಯಲ್ಲಿ ನಿಂತು ತಲವಾರಿನಿಂದ ಕೇಕ್ ಕತ್ತರಿಸುತ್ತಾನೆ. ಆ ದಿನದ ಫ್ಲೆಕ್ಸಿನಲ್ಲಿ ನಡುವೆ ಅವನು ಆಳೆತ್ತರ, ಕೆಳಗೆ ಸಾಲಾಗಿ ಅವನ ಹುಡುಗರ ಸಣ್ಣ ಸಣ್ಣ ಮುಖ. ಆ ಸಾಲಿನಲ್ಲಿ ಬಂದ ಹುಡುಗನ ಮನೆಗೆ ಆಮೇಲೆ ಪೊಲೀಸರು ಬರುತ್ತಾರೆ, ಹೆಣ್ಣು ಕೊಡುವವರು ಬರುವುದಿಲ್ಲ.

ಯಳವಿ ಊರಿನ ಹಾದಿಯಲ್ಲಿ ನಾಲ್ಕಾರು ಮನೆಗಳ ವಸ್ತಿಯಲ್ಲಿ ಕೂಲಿ ಮಾಡುವ ಒಬ್ಬಾಕೆಯ ಮಗ ಒಂದು ವರ್ಷ ಆ ಸಾಲಿನಿಂದ ಮೇಲೇರಿ ದಾದಾನ ಪಕ್ಕದಲ್ಲೇ ನಿಂತ. ದಾದಾ ಅವನ ಹೆಗಲ ಮೇಲೆ ಕೈ ಹಾಕಿಕೊಂಡ ಫೋಟೋ ಅದು. ಆಕೆಯ ಹಿರಿಯ ಮಗ ಇದೇ ಟೋಳಿಯ ಸಲುವಾಗಿ ಆಗಲೇ ಜೈಲು ಸೇರಿದ್ದ.

ಈ ಕಿರಿಯವನನ್ನು ಟೋಳಿಯಿಂದ ಬಿಡಿಸಿದವರು ಹೊರಗಿನಿಂದ ಬರುತ್ತಿದ್ದ ಒಬ್ಬ ಪಾಸ್ಟರ್. ಸುಳ್ಳೇಕೆ, ಮೊದಮೊದಲು ಅವರ ಮೇಲೆ ನನಗೆ ಗೌರವವೇ ಇತ್ತು. ಮೋಟಾರ್ ಸೈಕಲ್ ಮೇಲೆ ವಸ್ತಿಗೆ ಬಂದು, ಆ ತಾಯಿ ಕೊಟ್ಟ ಕರಿ ಚಹಾ ಕುಡಿದು, ತಾಸುಗಟ್ಟಲೆ ಹುಡುಗನ ಜೊತೆ ಮಾತಾಡಿ, ಅವನನ್ನು ಒಣದ್ರಾಕ್ಷಿ ಶೆಡ್ಡಿನ ಕೆಲಸಕ್ಕೆ ಹಚ್ಚಿದರು. ಹುಡುಗ ಮೈಗೆ ಆರಾಮಿಲ್ಲವೆಂದು ನೆವ ಹೇಳಿ ಟೋಳಿಯಿಂದ ಮೆಲ್ಲಗೆ ಜಾರಿಕೊಂಡ. ತಾಯಿಗೆ ಬೇಕಾಗಿದ್ದದ್ದೂ ಅಷ್ಟೇ, ಸದ್ದಿಲ್ಲದೆ ಒಬ್ಬ ಮಗನಾದರೂ ಉಳಿಯಬೇಕು.

ಆಮೇಲೆ ಪಾಸ್ಟರ್ ನನ್ನ ಅಂಗಡಿಗೆ ಬಂದರು. ಪ್ರಾರ್ಥನಾ ಸಭೆಯಿದೆ, ದೂರದಿಂದ ದೊಡ್ಡವರು ಬರುತ್ತಾರೆ, ಹುಡುಗನ ಫೋಟೋ ಹಾಕಿ 'ತಪ್ಪಿಹೋಗಿದ್ದ ಕುರಿ ಸಿಕ್ಕಿತು' ಎಂದು ಬರೆಯಬೇಕು.

"ದಾದಾ ನೋಡ್ತಾನ್ರಿ," ಅಂದೆ.

"ನೋಡ್ಲಿ ಬಿಡ್ರಿ. ದೇವರ ಕೆಲಸದ ಸಾಕ್ಷಿ ಮುಚ್ಚಿಡಬಾರದು."

"ಹುಡುಗನ್ನ ಕೇಳೀರೇನ್ರಿ?"

"ಕೇಳೋದೇನೈತ್ರಿ, ನಮ್ಮ ಹುಡುಗ."

ಮೈ ಉರಿದುಹೋಯಿತು. ದಾದಾನೂ ಇದನ್ನೇ ಹೇಳುತ್ತಿದ್ದ, ನಮ್ಮ ಹುಡುಗ. ಆದರೆ ಉರಿದ ಮೈಯಲ್ಲೇ ಆರ್ಡರ್ ಬರೆದುಕೊಂಡೆ, ಬಿಡಲಿಲ್ಲ.

ನನ್ನ ಹತ್ತಿರ ಅವನ ಬೇರೆ ಒಳ್ಳೆಯ ಫೋಟೋ ಇರಲಿಲ್ಲ. ದಾದಾನ ಹಳೆಯ ಫ್ಲೆಕ್ಸಿನ ಫೈಲು ತೆರೆದು ಹುಡುಗನನ್ನು ಕತ್ತರಿಸಿಕೊಂಡೆ. ದಾದಾನನ್ನು ಪೂರಾ ಅಳಿಸಿದೆ, ಆದರೆ ಹೆಗಲ ಮೇಲಿನ ಕೈ ಅಳಿಸಿದರೆ ಅಂಗಿ ಕೆಡುತ್ತದೆಂದು ಹಾಗೇ ಬಿಟ್ಟೆ. ನಾಲ್ಕು ಬೆರಳು, ಎರಡು ಉಂಗುರ. ಯಾರು ನೋಡುತ್ತಾರೆ ಅಂದುಕೊಂಡೆ.

ಎಲ್ಲರೂ ನೋಡಿದರು. ಬಸ್ ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಏರಿದ್ದೇ ತಡ, ಅಲ್ಲಿ ಚಹಾ ಕುಡಿಯುವವರು ಉಂಗುರ ಗುರುತು ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ, ದಾದಾನ ಕೈ ಕಡದು ಕಂಬಕ್ಕ ಹಾಕ್ಯಾರ ನೋಡೋ!"

ಹುಡುಗ ಬಿಟ್ಟು ಹೋದದ್ದನ್ನು ದಾದಾ ನುಂಗಿಕೊಳ್ಳುತ್ತಿದ್ದನೇನೋ, ಈ ನಗೆಯನ್ನು ನುಂಗಲಿಲ್ಲ. ಮರುದಿನ ಮಟಮಟ ಮಧ್ಯಾಹ್ನ ಅವನ ಕಡೆಯವರು ಶೆಡ್ಡಿಗೆ ಹೋಗಿ ಹುಡುಗನ ಬಲಗೈಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದರು.

ಪಾಸ್ಟರ್ ಆಸ್ಪತ್ರೆಗೆ ಓಡಿದರು, ಅತ್ತರು. ನಿಜವಾಗಿಯೂ ಅತ್ತರಂತೆ. ಅತ್ತಾದ ಮೇಲೆ ಪ್ಲಾಸ್ಟರ್ ಹಾಕಿದ ಕೈಯ ಫೋಟೋ ತೆಗೆದು ನನಗೆ ಕಳಿಸಿದರು, ಇದನ್ನೂ ಸೇರಿಸಿ ಹೊಸ ಫ್ಲೆಕ್ಸ್ ಮಾಡಿ ಎಂದು. ಅದೇ ವಾರ ದಾದಾನ ಆಳೂ ಬಂದ. ಈ ಸಲದ ಹುಟ್ಟುಹಬ್ಬಕ್ಕೆ ಹುಡುಗನ ಮುಖ ಮತ್ತೆ ಸಾಲಿನಲ್ಲಿ ಬರಬೇಕಂತೆ. "ದಾದಾ ಮಾಫ್ ಮಾಡ್ಯಾನ್ರಿ," ಎಂದು ಹಲ್ಲು ಕಿರಿದ. ಥೂ! ಇಬ್ಬರಿಗೂ ಉಗಿಯಬೇಕೆನಿಸಿತು. ಬಾಯಲ್ಲಿದ್ದ ಎಲೆಯಡಿಕೆಯನ್ನು ಗಟಾರಕ್ಕೆ ಉಗಿದು ಒಳಗೆ ಬಂದು ಕೂತೆ.

ಆಗ ಬಂದವಳು ತಾಯಿ. ಬೈಯಲು ಬಂದಳೆಂದುಕೊಂಡೆ. ಕುಂದ್ರಿ ಅಂದರೆ ಕೂಡಲಿಲ್ಲ.

"ನಿಮ್ಮ ಕಂಪ್ಯೂಟರದಾಗ ನನ್ನ ಮಗನ ಫೋಟೋ ಎಷ್ಟ ಅದಾವ್ರಿ? ಎಲ್ಲಾ ಅಳಸ್ರಿ. ನನ್ನ ಮುಂದ ಅಳಸ್ರಿ."

ಒಂದೊಂದೇ ತೆರೆದು ಅಳಿಸಿದೆ. ಪ್ಲಾಸ್ಟರಿನ ಕೈಯದೂ ಹೋಯಿತು. ಕೊನೆಗೆ ಉಳಿದದ್ದು ಹೆಗಲ ಮೇಲೆ ಕೈಯಿದ್ದ ಆ ಫೋಟೋ. ಆಕೆ ಪರದೆಯ ಹತ್ತಿರ ಬಂದು ಬಹಳ ಹೊತ್ತು ನೋಡಿದಳು.

"ಚಲೋ ಬಂದಾನ. ಮನ್ಯಾಗ ಅವನ ಫೋಟೋ ಒಂದೂ ಇಲ್ರಿ," ಅಂದಳು. ಆಮೇಲೆ ಉಂಗುರದ ಬೆರಳುಗಳನ್ನು ಮುಟ್ಟಿ ತೋರಿಸಿ ಕೇಳಿದಳು. "ಇವನ್ನ ತಗದು ಒಂದು ಕೊಡಾಕ ಬರ್ತದೇನ್ರಿ?"

ಕೂತು ತೆಗೆದೆ. ಬೆರಳುಗಳು ಒಂದೊಂದಾಗಿ ಹೋದವು. ಹತ್ತು ನಿಮಿಷವೂ ಹಿಡಿಯಲಿಲ್ಲ, ಅಂಗಿ ಎಲ್ಲೂ ಕೆಡಲಿಲ್ಲ.

ಆಕೆ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಇಷ್ಟೇ ಕೆಲಸ ಇತ್ತೇನ್ರಿ?"