ಹೆರಿಗೆ ಕೋಣೆಯ ಹೊರಗೆ ಮೂರು ಲಿಪಿ

ಕಂಗ್ಟಿಯ ಕುರಿಗಾಹಿ ಧರ್ಮಣ್ಣ ಬರೀ ಕೋಲಿನಲ್ಲಿ ತೋಳ ಓಡಿಸಿದ ಮಹಾವೀರ. ಅವನ ಮೀಸೆಯ ಒಂದು ತುದಿ ಬೀದರಿನತ್ತ, ಇನ್ನೊಂದು ಹೈದರಾಬಾದಿನತ್ತ ನೋಡುತ್ತದೆ. ಆ ವೀರ ಈಗ ನಾರಾಯಣಖೇಡದ ಆಸ್ಪತ್ರೆಯಲ್ಲಿ ಬೆಂಚಿನ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕುಳಿತಿದ್ದ. ಒಳಗೆ ಮಗಳು ಲಾವಣ್ಯಳ ಚೊಚ್ಚಲ ಹೆರಿಗೆ. ಕೂಸು ಅಡ್ಡ ತಿರುಗಿತ್ತು; ಆಪರೇಷನ್ ನಡೆಯುತ್ತಿತ್ತು.

ಪಕ್ಕದಲ್ಲಿ ಅಳಿಯ ಸುನೀಲ್, ಇತಿಹಾಸದ ಮಾಸ್ತರ. ಹೆದರಿದಾಗ ಕೆಲವರು ದೇವರ ಹೆಸರು ಹೇಳುತ್ತಾರೆ. ಸುನೀಲ್ ಪಾಠ ಹೇಳುತ್ತಾನೆ.

“ಮಾವಾ, ಚೀನಾದಾಗ ಅಕ್ಷರ ಹೆಂಗ ಹುಟ್ಟಿದ್ವು ಗೊತ್ತೇನ್ರಿ?”

“ಈಗ್ಯಾಕಪಾ ಚೀನಾ?”

“ಎಲ್ಲಕ್ಕಿಂತ ಹಳೀವು ಎಲುಬಿನ ಮ್ಯಾಲ ಸಿಕ್ಕಾವ್ರಿ. ಎತ್ತಿನ ಹೆಗಲೆಲುಬು, ಆಮೆ ಚಿಪ್ಪು. ಕಾವು ಕೊಟ್ರ ಬಿರುಕು ಬೀಳ್ತದ. ರಾಜ ಬಿರುಕು ನೋಡಿ ಮುಂದಿಂದು ಹೇಳ್ತಿದ್ದ. ಕೇಳಿದ್ದನ್ನ ಅಲ್ಲೇ ಕೆತ್ತಸ್ತಿದ್ದ. ಮಳಿ ಬರ್ತದೋ ಇಲ್ಲೋ, ರಾಣಿ ಹೆರಿಗಿ ಚಲೋ ಆಗ್ತದೋ…”

ಸುನೀಲ್ ನಾಲಿಗೆ ಕಚ್ಚಿಕೊಂಡ. ಮಾವನ ಮೀಸೆಯ ಎರಡೂ ತುದಿ ನೆಲದತ್ತ ಇಳಿದವು.

“ಎಲುಬು ಏನಂತು?”

“ಅದು ಪಾಠದಾಗ ಇಲ್ರಿ.”

ಇತ್ತು. ರಾಣಿಗೆ ಹೆಣ್ಣು ಹುಟ್ಟಿತು, ಅದಕ್ಕೇ ಚೆನ್ನಾಗಾಗಲಿಲ್ಲ ಎಂದು ಕೆತ್ತಿದ ಎಲುಬಿನ ಸಂಗತಿ ಅವನು ಹೋದ ವಾರವಷ್ಟೇ ಓದಿದ್ದ.

“ಹೆದರಿದವ್ರ ಅಕ್ಷರ ಬ್ಯಾಡ. ಬ್ಯಾರೆ ಹೇಳು.”

“ಜಪಾನಿನವ್ರು ಚೀನಾದ್ದೇ ಕಡ ತಂದ್ರು. ಲಗೂ ಲಗೂ ಬರದು ಮೂಲಿ ಸವದು ಕೆಲವು ದುಂಡಗಾದ್ವು.”

“ಅಂದ್ರ ಅದರಾಗೂ ಆ ಎಲುಬು ಅದ. ಬ್ಯಾರೆ!”

“ಕೊರಿಯಾದಾಗ ಒಬ್ಬ ರಾಜ, ಬಡವ್ರಿಗೂ ಓದಾಕ ಬರ್ಲಿ ಅಂತ ಹೊಸಾವು ಮಾಡಿದ. ಬಾಯಾಗ ನಾಲಿಗಿ ಹೆಂಗ ನಿಲ್ತದೋ ಹಂಗ ಅಕ್ಷರದ ಆಕಾರ. ‘ನ’ ಅನ್ರಿ, ತುದಿ ಎಲ್ಲಿ ತಾಗ್ತದ ನೋಡ್ರಿ.”

“ಈ ರಾಜ ಚಲೋ ಅದಾನ.” ಧರ್ಮಣ್ಣ ‘ನ’ ಎಂದ. ಧೈರ್ಯ ಬಂತು. ಇಡೀ ಆಸ್ಪತ್ರೆಗೆ ಕೇಳುವಂತೆ ಮತ್ತೆ ಮತ್ತೆ ಎಂದ.

“ಮಂದಿ ನೋಡಾಕತ್ಯಾರ, ಸುಮ್ಮ ಕುಂದರ್ರಿ!” ಎಂದು ಎದುರಿನ ಬೆಂಚಿನಲ್ಲಿದ್ದ ಅವನ ಹೆಂಡತಿ ಲಕ್ಷ್ಮಿಬಾಯಿ ಗದರಿದಳು.

ಬಾಗಿಲು ತೆರೆದು ನರ್ಸ್ ಬಂದರು. “ಲಾವಣ್ಯನ ಕಡಿಯವ್ರು? ಹೆಣ್ಣು ಕೂಸು. ತಾಯಿ ಆರಾಮ ಇದ್ದಾಳ.”

ಸುನೀಲ್ ಗೋಡೆಗೆ ಒರಗಿ ಅತ್ತೇಬಿಟ್ಟ. ನರ್ಸ್ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಾತನತ್ತ ಚಾಚಿದರು. ಮಹಾವೀರ ಹಿಂದೆ ಸರಿದ.

“ನಾ ಒಲ್ಲೆ. ಬಿದ್ದೀತು!”

“ದಿನಾ ಕುರಿಮರಿ ಹೊತ್ಕೊಂಡು ತಿರಗಾವ್ರಿಗಿ ಇದೇನು ಹೊಸಾದ್ರಿ? ಹಿಡೀರಿ,” ಎಂದಳು ಲಕ್ಷ್ಮಿಬಾಯಿ.

ಧರ್ಮಣ್ಣ ಬೆಂಚಿನ ಮೇಲೆ ಕುಳಿತ. ಸುತ್ತ ನಿಂತವರನ್ನು ದೂರ ಸರಿಸಿದ. ಆಮೇಲೆ ಗಟ್ಟಿಯಾಗಿ ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಮಾಡಿದ.

“ಮೊದಲ ಕಣ್ಣ ತಗೀರಿ ಮಾರಾಯ್ರ!” ಎಂದು ನರ್ಸ್ ಕೂಗಿಕೊಂಡರು.