ಮೂರು ಬಾಯಿ, ಒಂದೇ ಸುದ್ದಿ

ನಮ್ಮ ಬೀದಿಯ ನೀಲಕಂಠಸ್ವಾಮಿ ಗುಪ್ತವಾರ್ತೆಯ ಪೇದೆ. ಗುಪ್ತ ಎನ್ನುವುದು ಹೆಸರಿಗೆ ಮಾತ್ರ. ಹುಣಸೂರು ಬಸ್ ನಿಲ್ದಾಣದಲ್ಲಿ ಅವನು ಮಫ್ತಿಯಲ್ಲಿ ಇಳಿದರೆ ಕಡ್ಲೆಕಾಯಿ ಮಾರುವವಳೂ "ಇವತ್ತು ಯಾರ್ ಮ್ಯಾಲೆ ಸಾಮಿ?" ಎಂದು ಕೇಳುತ್ತಿದ್ದಳು. ಊರೂರು ಅಲೆದು, ಸುದ್ದಿ ಹೆಕ್ಕಿ, ವರದಿ ಬರೆದು ಅವನಿಗೆ ಸಾಕುಸಾಕಾಗಿತ್ತು. ಸಂಜೆ ಜಗಲಿಯ ಮೇಲೆ ಕೂತರೆ ಮಾತೇ ಬೇಡ ಎನ್ನುತ್ತಿದ್ದ.

ತೊಂಬತ್ತೆಂಟರಲ್ಲಿ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ, ಹಾರನಹಳ್ಳಿ ಕಡೆಯಿಂದ ಸುದ್ದಿ ಬಂತು. ಕಾಡಿನಿಂದ ಕದ್ದ ಬೀಟೆಮರವನ್ನು ಒಬ್ಬ ರೈತ ಸೊಪ್ಪನ್ನು ಶಾಖದಲ್ಲಿ ಬೇಯಿಸಿ ಒಣಗಿಸುವ ಕೋಣೆ, ಬ್ಯಾರನ್ನಿನಲ್ಲಿ ಬಚ್ಚಿಟ್ಟಿದ್ದಾನಂತೆ. ಹೇಳಿದವರು ಕ್ಷೌರದಂಗಡಿಯವನು, ಹಾಲಿನ ಡೇರಿಯ ಕಾರ್ಯದರ್ಶಿ, ಒಬ್ಬ ಆಟೋದವನು. ಮೂವರು ಹೇಳಿದರೆ ಸುದ್ದಿ ಗಟ್ಟಿ ಎಂಬುದು ಠಾಣೆಯ ರೂಢಿ. ಆ ರೈತ ನೀಲಕಂಠಸ್ವಾಮಿಯ ಹೆಂಡತಿಯ ತಮ್ಮ ಮಾದೇಶ.

ನೀಲಕಂಠಸ್ವಾಮಿ ಇಕ್ಕಟ್ಟಿಗೆ ಸಿಕ್ಕಿದ. ಬರೆದರೆ ಭಾವಮೈದ ಜೈಲಿಗೆ, ಮುಚ್ಚಿಟ್ಟರೆ ಕೆಲಸಕ್ಕೆ ಕುತ್ತು. ಹಾರನಹಳ್ಳಿಗೆ ಹೋಗಿ ಮೂವರನ್ನೂ ಬೇರೆ ಬೇರೆಯಾಗಿ ಕೇಳಿದ.

"ಮರಾನ ನೀನೇ ಕಂಡ್ಯೇನ್ಲಾ?"

"ನಾನೆಲ್ಲಿ ಕಾಣ್ಲಣ್ಣ? ಟೀ ಅಂಗ್ಡಿ ಕಂಠಪ್ಪ ಯೋಳ್ದ" ಎಂದ ಆಟೋದವನು. ಉಳಿದಿಬ್ಬರೂ ಅದೇ ಅಂಗಡಿಯತ್ತ ಕೈ ತೋರಿಸಿದರು.

ಕಂಠಪ್ಪ ಮಂಡ್ಯ ಕಡೆಯವನು, ಊರಿಗೆ ಹೊಸಬ. "ಮರ ಕಾಣ್ನಿಲ್ಲ ಕಣಣ್ಣ. ಬ್ಯಾರನ್ ಒಳಗೇನೈತೆ ನೋಡ್ತೀನಿ, ಬಾಗ್ಲು ತಗಿ ಅಂತ ಮಾದೇಶಂಗೆ ಅಂದೆ. ಜಪ್ಪಯ್ಯ ಅಂದ್ರೂ ತಗೀನಿಲ್ಲ. ಏನೂ ಇಲ್ದಿದ್ರೆ ಯಾಕ್ ತಗೀಬಾರ್ದು?"

ನೀಲಕಂಠಸ್ವಾಮಿ ತಲೆ ಚಚ್ಚಿಕೊಂಡ. ಬೆಂಕಿ ಹಾಕಿದ ಬ್ಯಾರನ್ನಿನ ಬಾಗಿಲನ್ನು ಕಂಡಕಂಡವರಿಗೆಲ್ಲ ಯಾರೂ ತೆಗೆಯುವುದಿಲ್ಲ. ಶಾಖ ಇಳಿದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಆದರೂ ನೆಂಟನೆಂದು ಹಾಗೇ ನಂಬಲಿಲ್ಲ. ಬೆಂಕಿ ಆರಿಸಿದ ಮೇಲೆ ಎದುರಿಗೆ ನಿಂತು ಬಾಗಿಲು ತೆಗೆಸಿದ. ಒಳಗೆ ಸೊಪ್ಪು ಬಿಟ್ಟರೆ ಏನೂ ಇರಲಿಲ್ಲ.

ನೆಂಟಸ್ತಿಕೆಯನ್ನೂ ಮುಚ್ಚಿಡದೆ ಎಲ್ಲವನ್ನೂ ಇನ್‌ಸ್ಪೆಕ್ಟರಿಗೆ ಒಪ್ಪಿಸಿದ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಸರಿಯಾಗಿ ವಿಚಾರಿಸಿದ್ದೀರಿ. ಹೋದ ತಿಂಗಳು ಕೋಟೆ ತಾಲ್ಲೂಕಿನ ಹಾಡಿಯ ಚಿಕ್ಕಮಾದು ಮರ ಸಾಗಿಸ್ತಾನೆ ಅಂತ ಬರೆದ್ರಲ್ಲ, ಅಲ್ಲೂ ಮೂವರು ಹೇಳಿದ್ರು ಅಂತ. ಅವರನ್ನೂ ಹೀಗೇ ಕೇಳಿದ್ರಾ?"

"ಇಲ್ಲ ಸಾರ್."

ಕೇಳಬೇಕೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ಕಾಡಂಚಿನ ಆದಿವಾಸಿ ಹಾಡಿಯವನು ಮರ ಕದಿಯದೆ ಇನ್ನೇನು ಮಾಡುತ್ತಾನೆ ಎಂದುಕೊಂಡು ಬರೆದು ಕಳಿಸಿದ್ದ. ಚಿಕ್ಕಮಾದು ಆಗಲೇ ಜೈಲಿನಲ್ಲಿದ್ದ. ನೀಲಕಂಠಸ್ವಾಮಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಕೋಟೆ ಬಸ್ಸು ಹಿಡಿದು, ಉಳಿದ ದಾರಿ ನಡೆದು ಹಾಡಿಗೆ ಹೋದ. ಚಿಕ್ಕಮಾದುವಿನ ಹೆಂಡತಿ ಪುಟ್ಟಸಿದ್ದಮ್ಮ ಗುಡಿಸಲ ಮುಂದೆ ಸೌದೆ ಒಡೆಯುತ್ತಿದ್ದಳು. "ಠಾಣೆಯಿಂದ ಬಂದಿವ್ನಿ, ಒಂದಷ್ಟು ಕೇಳ್ಬೇಕಿತ್ತು ಕಣಮ್ಮ" ಎಂದ.

ಅವಳು ಮಚ್ಚು ಕೆಳಗಿಟ್ಟು ಅವನನ್ನು ನೋಡಿದಳು.

"ಕರ್ಕೊಂಡು ಓದ್ಮೇಲೆ ಕೇಳಕ್ಕೆ ಬಂದ್ರಾ ಸಾಮಿ?"