ಎರಡು ಬೆರಳು ಎಡಕ್ಕೆ

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಕ್ಯಾಪ್ ಇರುತ್ತದಲ್ಲ, ಅದನ್ನು ಒಂದು ಸಣ್ಣ ಕೈಯಂತ್ರದಲ್ಲಿಟ್ಟು ಹೆಬ್ಬೆರಳಿನಿಂದಲೇ ಒತ್ತಿ ಕೂರಿಸುವುದು ಅವರ ಕ್ರಮ. ವರ್ಷಗಟ್ಟಲೆ ಒತ್ತಿ ಒತ್ತಿ ಅಲ್ಲಿನ ಚರ್ಮ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಮೇಜಿನ ಮೇಲೆ ಒಳ್ಳೆಯ ಯಂತ್ರವೊಂದು ಇತ್ತು. ಅದಕ್ಕೆ ಅವರು ಬಟ್ಟೆ ಮುಚ್ಚಿಟ್ಟಿದ್ದರು.

ನಾವೆಲ್ಲ ಅವರನ್ನು ಸುಬೇದಾರ್ರು ಎನ್ನುತ್ತಿದ್ದೆವು. ಕೊಡಗಿನವರು. ಸೈನ್ಯದಲ್ಲಿ ಕೋವಿ ರಿಪೇರಿ ಮಾಡಿಕೊಂಡಿದ್ದು, ನಿವೃತ್ತರಾದ ಮೇಲೆ ಕುವೈತಿಗೆ ಬಂದು ಊರಾಚೆಯ ಮರಳಿನಲ್ಲಿರುವ ಒಂದು ಶೂಟಿಂಗ್ ಮೈದಾನದಲ್ಲಿ ಕೆಲಸಕ್ಕೆ ಸೇರಿದ್ದರು. ಸದಸ್ಯರ ಕೋವಿಗಳನ್ನು ನೋಡಿಕೊಳ್ಳುವುದು, ಯಾವ ಕೋವಿಗೆ ಯಾವುದು ಒಗ್ಗುತ್ತದೆಂದು ನೋಡಿ ತೋಟೆಗಳನ್ನು ಕೈಯಲ್ಲೇ ತುಂಬಿಕೊಡುವುದು ಅವರ ಕೆಲಸ. ನಾನು ಅಲ್ಲಿನ ಸ್ಟೋರ್ ಕೀಪರ್, ಕಾರ್ಕಳದ ಕಡೆಯವನು. ಇಬ್ಬರ ವಾಸವೂ ಖೈತಾನ್‌ನಲ್ಲಿ. ನನ್ನ ಕಾರಿನಲ್ಲೇ ಹೋಗಿ ಬರುವುದು. ಅವರ ಎಡಗಿವಿ ಕೋವಿಯ ಸದ್ದಿಗೆ ಬಲಿಯಾಗಿತ್ತು. ಕಾರಿನಲ್ಲಿ ನನ್ನ ಕಡೆಗೆ ಇರುತ್ತಿದ್ದದ್ದು ಅದೇ ಕಿವಿ. ನಾನು ಏನು ಹೇಳಿದರೂ ಅವರು ಹೂಂ ಎನ್ನುತ್ತಿದ್ದರು. ಸಂಬಳ ಜಾಸ್ತಿ ಕೇಳುತ್ತೇನೆ ಎಂದರೂ ಹೂಂ, ಕೆಲಸ ಬಿಡುತ್ತೇನೆ ಎಂದರೂ ಹೂಂ.

ತೋಟೆಗೆ ತುಂಬುವ ಮದ್ದು ತೂಗುವಾಗ ಅವರ ಕೋಣೆಯಲ್ಲಿ ಯಾರೂ ಮಾತಾಡುವಂತಿಲ್ಲ, ಫ್ಯಾನ್ ಹಾಕುವಂತಿಲ್ಲ. ತಕ್ಕಡಿಯ ಮುಂದೆ ಉಸಿರು ಹಿಡಿದು ಕೂರಬೇಕು. ಅಷ್ಟು ಮುಗಿದು ಚಹಾ ಬಂದರೆ, "ಕೈ ತೊಳೆದಿಯಾ?" ಎಂಬ ಪ್ರಶ್ನೆ. ಸೀಸ ಮುಟ್ಟಿದ ಕೈ ಬಾಯಿಗೆ ಹೋಗಬಾರದು. ನಾನು ಪೆನ್ನು ಬಿಟ್ಟು ಬೇರೇನೂ ಮುಟ್ಟಿಲ್ಲ ಎಂದರೂ ಬಿಡುತ್ತಿರಲಿಲ್ಲ. ಮೈದಾನದ ದೊಡ್ಡ ಸಾಹೇಬರನ್ನೂ ಒಮ್ಮೆ ನಲ್ಲಿಯ ಹತ್ತಿರ ಓಡಿಸಿದ್ದರು.

ಒಬ್ಬ ವೃದ್ಧ ಕುವೈತಿ ಅಲ್ಲಿಗೆ ಬರುತ್ತಿದ್ದರು. ನಾವು ಬಾಬಾ ಎನ್ನುತ್ತಿದ್ದೆವು. ಅವರ ಹತ್ತಿರ ಇದ್ದದ್ದು ಸತ್ತುಹೋದ ಮಗನ ರೈಫಲ್. ಮಗ ರಸ್ತೆ ಅಪಘಾತದಲ್ಲಿ ಹೋಗಿದ್ದ. ಹೋಗುವುದಕ್ಕೆ ಕೆಲವು ದಿನ ಮೊದಲು, ಸುಬೇದಾರ್ರು ತುಂಬಿಕೊಟ್ಟ ತೋಟೆಗಳನ್ನು ಹೊಡೆದು ಹೊಡೆದು, ಕೋವಿಯ ಮೇಲಿನ, ಗುರಿ ನೋಡುವ ಸ್ಕೋಪಿನ ತಿರುಪನ್ನು ತಾನೇ ತಿರುಗಿಸಿ, ಗುಂಡು ಸರಿಯಾಗಿ ನಡುವಿಗೆ ಬೀಳುವ ಹಾಗೆ ಕೂರಿಸಿಟ್ಟಿದ್ದ. ಬಾಬಾ ಚಳಿಗಾಲದ ಶುಕ್ರವಾರಗಳಲ್ಲಿ ಬಂದು, ಅದೇ ಬಗೆಯ ತೋಟೆಯನ್ನು ಒಂದೇ ಒಂದು ಹೊಡೆಯುತ್ತಿದ್ದರು. ನಡುವಿಗೆ ಬಿತ್ತೆಂದು ಗೊತ್ತಾದರೆ ಕೋವಿ ಕೆಳಗಿಟ್ಟು, ಚಹಾ ಕುಡಿದು ಹೋಗುವರು. ಮಗ ಇನ್ನೂ ಅಲ್ಲೇ ಎಲ್ಲೋ ನಿಂತಿದ್ದಾನೆ ಎಂದು ಅವರಿಗೆ ಅನ್ನಿಸುತ್ತಿದ್ದಿರಬೇಕು. ಸ್ಕೋಪಿನ ತಿರುಪನ್ನು ಯಾರೂ ಮುಟ್ಟುವಂತಿರಲಿಲ್ಲ. "ಸುಬೇದಾರ್, ಟಚ್ ಮಾಫಿ!" ಎಂದು ಪ್ರತಿಸಲ ಬೆರಳೆತ್ತಿ ಹೇಳುವರು. ಮುಟ್ಟಬಾರದು, ಅಷ್ಟೇ.

ತೊಂದರೆ ಶುರುವಾದದ್ದು ಮದ್ದಿನಿಂದ. ಆ ತೋಟೆಗಳಿಗೆ ಹಾಕುತ್ತಿದ್ದ ಮದ್ದು ಬರುವುದೇ ನಿಂತಿತು. ಬದಲಿಗೆ ಬಂದದ್ದು ಬೇರೆ ಜಾತಿಯದ್ದು. ಸುಬೇದಾರ್ರು ಹೊಸ ಮದ್ದಿನಲ್ಲಿ ಐದು ತೋಟೆ ತುಂಬಿ ಹೊಡೆದರು. ಐದೂ ಒಂದು ನೂರು ಫಿಲ್ಸ್ ನಾಣ್ಯದಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು. ಆದರೆ ನಡುವಿನಲ್ಲಲ್ಲ. ಎರಡು ಬೆರಳು ಎಡಕ್ಕೆ, ಒಂದು ಬೆರಳು ಕೆಳಗೆ.

"ಕೋವಿ ಅದೇ, ಗುಂಡು ಅದೇ, ಹೊಡೆದವರೂ ನೀವೇ. ಹಾಗಾದರೆ ಎಂತ ಮಾರಾಯ್ರೆ ಇದು?" ಎಂದೆ.

ಅವರು ನನ್ನ ಮೇಜಿನಿಂದ ಸ್ಟೀಲಿನ ಅಡಿಕೋಲು ತೆಗೆದು, ಅರ್ಧ ಹೊರಗೆ ಚಾಚುವ ಹಾಗೆ ಅಂಚಿನಲ್ಲಿ ಒತ್ತಿ ಹಿಡಿದು, ತುದಿಯನ್ನು ಮೀಟಿದರು. ಅದು ಜುಂಯ್ ಎಂದು ನಡುಗಿತು.

"ಕೋವಿಯ ನಳಿಗೆ ಕಬ್ಬಿಣ, ಗಟ್ಟಿ ನಿಂತಿರ್ತದೆ ಅಂತ ಎಣಿಸಿದ್ದೀಯಾ? ಇಲ್ಲ. ಮದ್ದು ಹೊತ್ತಿಕೊಂಡ ಕೂಡಲೇ ಅದು ಹೀಗೆ ಅಲುಗ್ತದೆ. ಗುಂಡು ಇನ್ನೂ ಒಳಗೇ ಇರುವಾಗ ಕೋವಿ ಹಿಂದೆ ಒದೆಯಲಿಕ್ಕೆ, ಮೂತಿ ಮೇಲೆ ಏಳಲಿಕ್ಕೆ ಶುರು ಮಾಡ್ತದೆ. ಈ ಮದ್ದು ಗುಂಡನ್ನು ಬೇಗ ದೂಡ್ತದೆ. ಮೂತಿ ಏಳುವ ಮೊದಲೇ ಗುಂಡು ಹೊರಗೆ. ಹಾಗಾಗಿ ಕೆಳಗೆ ಬೀಳ್ತದೆ. ಹಳೇದು ಒಂಚೂರು ತಡ ಮಾಡಿ ಹೊರಡ್ತಿತ್ತು."

"ಎಡಕ್ಕೆ ಹೋದದ್ದು?"

"ನಳಿಗೆ ಮೇಲೆ ಕೆಳಗೆ ಮಾತ್ರ ಅಲುಗ್ತದಾ? ಆಚೆ ಈಚೆಯೂ ಅಲುಗ್ತದೆ. ಗುಂಡು ಹೊರಡುವ ಹೊತ್ತಿಗೆ ಮೂತಿ ಎತ್ಲಾಗೆ ನೋಡ್ತಿತ್ತೋ ಅತ್ಲಾಗೆ. ತಪ್ಪು ಯಾರದ್ದೂ ಅಲ್ಲ ಮಾರಾಯ."

ಬೇರೆ ಯಾರ ಕೋವಿಯೇ ಆಗಿದ್ದರೂ ಇದು ಒಂದು ನಿಮಿಷದ ಕೆಲಸ. ಸ್ಕೋಪಿನ ತಿರುಪನ್ನು ಟಿಕ್ ಟಿಕ್ ಎಂದು ನಾಲ್ಕು ಸಲ ಈಚೆಗೆ ತಿರುಗಿಸಿದರೆ ಮುಗಿಯಿತು. ಇಲ್ಲಿ ಅದು ಆಗುವಂತಿಲ್ಲ. ಗುರಿಯನ್ನು ತೋಟೆಯ ಕಡೆಗೆ ತರುವ ಬದಲು, ಸತ್ತವನು ನೋಡಿದ ಜಾಗಕ್ಕೇ ಹೋಗಿ ಬೀಳುವ ತೋಟೆಯನ್ನು ತಯಾರಿಸಬೇಕು. ಈ ಲೋಕದಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುತ್ತಾರೆಯೇ? ಸುಬೇದಾರ್ರು ಹಾಕಿದರು.

ಆ ಚಳಿಗಾಲವೆಲ್ಲ ಅದೇ ಆಯಿತು. ಮದ್ದು ಒಂಚೂರು ಕಡಿಮೆ ಮಾಡಿದರು. ಗುಂಡು ಮೇಲೆ ಬಂತು, ಆದರೆ ಇನ್ನೂ ಎಡಕ್ಕೆ ಹೋಯಿತು. ಬೇರೆ ತೂಕದ ಗುಂಡು ಹಾಕಿದರು, ಬಲಕ್ಕೆ ಹಾರಿತು. ಒಮ್ಮೆ ಎತ್ತರ ಸರಿಯಾಯಿತೆಂದು ನಾನು ದುರ್ಬೀನಿನಲ್ಲಿ ನೋಡಿ ಕೂಗಿಯೇಬಿಟ್ಟೆ. ಹತ್ತಿರ ಹೋಗಿ ನೋಡಿದರೆ ಗುಂಡುಗಳು ಅಂಗೈ ಅಗಲಕ್ಕೆ ಚೆಲ್ಲಾಪಿಲ್ಲಿ ಬಿದ್ದಿದ್ದವು. ಅಂಥ ತೋಟೆಯನ್ನು ಅವರು ಕೊಡುವವರಲ್ಲ. ಇತ್ತ ಹಳೆಯ ತೋಟೆಗಳ ಡಬ್ಬ ಪ್ರತಿ ಶುಕ್ರವಾರ ಒಂದೊಂದಾಗಿ ಖಾಲಿಯಾಗುತ್ತ ಬಂತು. ಬಾಬಾ ಬಂದಾಗ ಸುಬೇದಾರ್ರು ಆ ಡಬ್ಬವನ್ನು ಪೂರ್ತಿ ತೆರೆಯದೆ, ಒಳಗೆ ಕೈ ಹಾಕಿ ಒಂದನ್ನು ತೆಗೆದುಕೊಡುತ್ತಿದ್ದರು.

ನನಗೆ ಒಂದು ದಿನ ತಡೆಯಲಾಗಲಿಲ್ಲ. ಮರಳುತ್ತಾ ಸಬ್ಹಾನ್ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆವು. ಅವರ ಕಿವಿಗೆ ಬೀಳಲೆಂದು ಕೂಗಿಯೇ ಹೇಳಿದೆ: "ನೀವು ಆ ತಿರುಪು ತಿರುಗಿಸಿಬಿಡಿ ಮಾರಾಯ್ರೆ. ಬಾಬಾನಿಗೆ ಕಣ್ಣೇ ಸರಿ ಕಾಣುವುದಿಲ್ಲ. ಎಂತ ಗೊತ್ತಾಗ್ತದೆ?"

ಆ ಸಲ ಹೂಂ ಎನ್ನಲಿಲ್ಲ. ಮೈಯನ್ನೇ ನನ್ನ ಕಡೆಗೆ ತಿರುಗಿಸಿ ಕೂತರು.

"ಗುಂಡು ನಡುವಿಗೆ ಬಿತ್ತು ಅಂತ ಅವರು ಚಹಾ ಕುಡೀತಾರಲ್ಲ, ಆ ಹೊತ್ತಿಗೆ ಎದುರಿಗೆ ನಿಲ್ಲುವವ ನಾನು. ನೀನಲ್ಲ."

ನನಗೂ ಸಿಟ್ಟು ಬಂದಿತ್ತು. ಅವರ ಮೇಲೋ, ಬಾಬಾನ ಮೇಲೋ, ಮದ್ದು ಮಾಡುವುದನ್ನು ನಿಲ್ಲಿಸಿದ ಯಾವುದೋ ದೇಶದ ಕಾರ್ಖಾನೆಯ ಮೇಲೋ ಹೇಳಲಾರೆ.

ಬೇಸಿಗೆ ಬಂತು. ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಊರಿನಿಂದ ಅವರ ಹೆಂಡತಿ ನನಗೇ ಫೋನ್ ಮಾಡಿ, "ಅವರನ್ನು ಒಮ್ಮೆ ಕಳಿಸಿಕೊಡಿ, ನನ್ನ ಮಾತು ಕೇಳುವುದಿಲ್ಲ," ಎಂದರು. ನಾನು ಹೇಳಿದೆ, ಬೈದೆ, ಟಿಕೆಟ್ ನಾನೇ ಮಾಡಿಸುತ್ತೇನೆ ಎಂದೆ. "ಇದೊಂದು ಮುಗಿಸಿ ಹೋಗುವ," ಎಂದರು. ಯಾವುದನ್ನು ಮುಗಿಸುವುದು? ಮುಗಿಯುವುದಿಲ್ಲ ಎಂದು ನನಗಿಂತ ಮೊದಲೇ ಅವರಿಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ಜಾಬ್ರಿಯಾದ ಆಸ್ಪತ್ರೆಗೆ ಸೇರಿಸಿದಾಗ ಹೃದಯ ತೀರಾ ಸೋತಿದೆ ಎಂದರು. ಮಂಚದ ಪಕ್ಕ ಕೂತಿದ್ದೆ, ಬಲಗಿವಿಯ ಕಡೆ. ಆ ಚಪ್ಪಟೆ ಬೆರಳಿಗೆ ಒಂದು ಕ್ಲಿಪ್ಪು ಹಾಕಿದ್ದರು.

"ತೋಟೆಯಿಂದ ಗುಂಡನ್ನು ಇನ್ನೂ ಒಂದು ಕೂದಲೆಳೆ ಹೊರಗೆ ಕೂರಿಸಿ ನೋಡಬೇಕಿತ್ತು," ಎಂದರು. ನಾನು ಆಯಿತು, ನೋಡುವ ಎಂದೆ. ಮರುದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಮಂಚ ಖಾಲಿಯಾಗಿತ್ತು.

ಹೆಂಡತಿಗೆ ನಾನೇ ತಿಳಿಸಬೇಕಾಯಿತು. ಅವರು ಸ್ವಲ್ಪ ಹೊತ್ತು ಅತ್ತು, ಆಮೇಲೆ ಕೇಳಿದರು: "ನಮ್ಮಲ್ಲಿ ಯಾರಾದರೂ ಹೋದರೆ ಕೋವಿಯಲ್ಲಿ ಎರಡು ಈಡು ಹೊಡೆದು ಊರಿಗೆ ತಿಳಿಸುವುದು. ಇಲ್ಲಿ ನಾವು ಹೊಡೀತೇವೆ. ಅಲ್ಲಿ ಯಾರು ಹೊಡೀತಾರೆ?" ಇದೇನು ನಮ್ಮ ಊರೇ, ಬೇಕಾದಾಗ ಕೋವಿ ಎತ್ತಲಿಕ್ಕೆ? ನೋಡುತ್ತೇನೆ ಎಂದು ಫೋನ್ ಇಟ್ಟೆ.

ಬೇಸಿಗೆಯಲ್ಲಿ ಬಾರದ ಬಾಬಾ, ಸುದ್ದಿ ಕೇಳಿ ಆ ಶುಕ್ರವಾರ ಬಂದರು. ಹಿಂದಿಯಲ್ಲಿ, ನನಗೆ ಬರುವ ಅಷ್ಟಿಷ್ಟು ಅರಬ್ಬಿಯಲ್ಲಿ, ಎರಡು ಈಡಿನ ವಿಷಯ ಹೇಳಿದೆ. ಅವರು ಹಳೆಯ ತೋಟೆಯ ಡಬ್ಬ ತರಿಸಿದರು. ಅದರೊಳಗೆ ಎಷ್ಟು ಉಳಿದಿದೆ ಎಂದು ಅವರು ಮೊದಲ ಸಲ ನೋಡಿದ್ದು ಆಗಲೇ. ತಳದಲ್ಲಿ ಬೆರಳೆಣಿಕೆಯಷ್ಟಿದ್ದವು. ನನ್ನ ಮುಖ ನೋಡಿದರು, ಡಬ್ಬ ನೋಡಿದರು. ಒಂದನ್ನು ತುಂಬಿಸಿ ಹೊಡೆದರು. ಇನ್ನೊಂದು ತುಂಬಿಸಿ ಹೊಡೆದರು. ಗುರಿಹಲಗೆ ಯಾರೂ ನಿಲ್ಲಿಸಿರಲಿಲ್ಲ. ದೂರದ ಮರಳಿನ ದಿಬ್ಬದಲ್ಲಿ ಎರಡು ಕಡೆ ಧೂಳೆದ್ದು ಇಳಿಯಿತು.

ಕೋವಿಯನ್ನು ನನ್ನ ಕೈಗೆ ಕೊಟ್ಟು, "ತುಮ್ ಸುಬೇದಾರ್ ಕೇ ಪಾಸ್ ಸೀಖಾ ನಾ? ಅಬ್ ತುಮ್ ಬನಾವ್," ಎಂದರು. ಅವನ ಹತ್ತಿರ ಕಲಿತವನಲ್ಲವೇ, ಇನ್ನು ನೀನೇ ಮಾಡು. ಕಣ್ಣಲ್ಲಿ ನೀರಿತ್ತು. ಆದರೆ ಬೆರಳೆತ್ತಿ ತಿರುಪನ್ನು ತೋರಿಸುವುದನ್ನು ಮರೆಯಲಿಲ್ಲ.

ನಾನು ತಲೆಯಾಡಿಸಿದೆ. ಗುಂಡು ಯಾಕೆ ಬೇರೆ ಕಡೆಗೆ ಹೋಗಿ ಬೀಳುತ್ತದೆ ಎಂದು ಸುಬೇದಾರ್ರು ನನಗೆ ಚೆನ್ನಾಗಿಯೇ ಕಲಿಸಿದ್ದರು. ಅದನ್ನು ಮೊದಲಿನ ಜಾಗಕ್ಕೆ ತರುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ.